ಕ್ಲೇಮು ಕೇಸು ಶುರುವಾಗುವುದು ಆಸ್ಪತ್ರೆಯ ಚೀಟಿಯಿಂದ

ರಸ್ತೆಯಲ್ಲಿ ಪೆಟ್ಟು ತಿಂದವರನ್ನು ಆಸ್ಪತ್ರೆಗೆ ಹೊತ್ತು ತಂದಾಗ ಕ್ಯಾಶುವಾಲ್ಟಿಯ ಡಾಕ್ಟರು ಮೊದಲು ಕೇಳುವ ಮಾತು ‘ಏನಾಯ್ತು?’ ಎಂದು. ಜೊತೆಗೆ ಬಂದ ಬಾವನೋ ಪಕ್ಕದ ಮನೆಯವರೋ ಗಾಬರಿಯಲ್ಲಿ ‘ಗಾಡಿಯಿಂದ ಬಿದ್ದರು ಸಾರ್’ ಅಂದುಬಿಡುತ್ತಾರೆ. ಪೊಲೀಸ್ ಕೇಸು ಅಂದರೆ ಚಿಕಿತ್ಸೆ ತಡವಾದೀತು, ಸ್ಟೇಷನ್ ಅಲೆದಾಟ ಯಾರಿಗೆ ಬೇಕು ಎಂಬ ಹೆದರಿಕೆ ಆ ಮಾತಿನ ಹಿಂದಿರುತ್ತದೆ. ಡಾಕ್ಟರು ಹೇಳಿದ್ದನ್ನೇ ಕೇಸ್‌ಶೀಟಿನಲ್ಲಿ ಬರೆದುಕೊಳ್ಳುತ್ತಾರೆ: ಬೈಕಿನಿಂದ ಬಿದ್ದು ಗಾಯ. ಹಿಂದಿನಿಂದ ಗುದ್ದಿದ ಲಾರಿಯ ಹೆಸರೇ ಅಲ್ಲಿಲ್ಲ. ಮುಂದೆ ಪರಿಹಾರದ ಅರ್ಜಿ ವಿಚಾರಣೆಗೆ ಬಂದಾಗ ಇನ್ಶೂರೆನ್ಸ್ ಕಂಪನಿಯ ವಕೀಲರು ಮೊದಲು ತರಿಸಿಕೊಳ್ಳುವುದು ಆ ಕೇಸ್‌ಶೀಟನ್ನೇ. ‘ತಾನೇ ಬಿದ್ದವನು ಈಗ ಲಾರಿಯ ಮೇಲೆ ಹಾಕುತ್ತಿದ್ದಾನೆ’ ಎಂಬ ಅವರ ವಾದಕ್ಕೆ ಉತ್ತರ ಕೊಡುವುದು ಆಗ ಬಹಳ ಕಷ್ಟ.

ಅಪಘಾತದ ಪರಿಹಾರ ಎಂದರೆ ಜನರಿಗೆ ನೆನಪಾಗುವುದು ಕೋರ್ಟು, ಕರಿ ಕೋಟು, ವರ್ಷಗಟ್ಟಲೆ ವಾಯಿದೆ. ಅದೆಲ್ಲ ಇದ್ದೇ ಇದೆ. ಆದರೆ ಎಷ್ಟು ಹಣ ಬರುತ್ತದೆ, ಬರುತ್ತದೋ ಇಲ್ಲವೋ ಎಂಬುದರ ಬಹುಪಾಲು ಮೊದಲ ಒಂದೆರಡು ವಾರ ಹುಟ್ಟುವ ಕಾಗದಗಳಲ್ಲೇ ತೀರ್ಮಾನವಾಗಿರುತ್ತದೆ. ವಕೀಲರು ಎಷ್ಟೇ ಜಾಣರಾದರೂ ಇಲ್ಲದ ಕಾಗದವನ್ನು ಹುಟ್ಟಿಸಲಾರರು. ಹುಟ್ಟಿಸುವವರು ಸಿಕ್ಕರೆ ಅವರಿಂದ ದೂರ ಇರುವುದೇ ಮೇಲು.

ಆದ್ದರಿಂದ ಕ್ಯಾಶುವಾಲ್ಟಿಯಲ್ಲಿ ನಡೆದದ್ದನ್ನು ನಡೆದಂತೆಯೇ ಹೇಳಿ. ಯಾವ ರಸ್ತೆ, ಎಷ್ಟು ಹೊತ್ತಿಗೆ, ಯಾವ ವಾಹನ ಗುದ್ದಿತು, ಗೊತ್ತಿದ್ದರೆ ಅದರ ನಂಬರು. ಇದನ್ನು ಎಂಎಲ್‌ಸಿ (ಮೆಡಿಕೋ ಲೀಗಲ್ ಕೇಸು) ಎಂದು ದಾಖಲಿಸಿ ಠಾಣೆಗೆ ತಿಳಿಸುವುದು ಆಸ್ಪತ್ರೆಯ ಕೆಲಸ. ಅದಕ್ಕಾಗಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಗಾಯಾಳುವನ್ನು ತಂದುಬಿಟ್ಟವರನ್ನು ಹೆಸರು, ವಿಳಾಸ ಕೊಡಿ ಎಂದು ಪೀಡಿಸುವಂತೆಯೂ ಇಲ್ಲ. ಮೋಟಾರು ವಾಹನ ಕಾಯ್ದೆಯ 134ಎ ಕಲಂ ಅವರಿಗೆ ರಕ್ಷಣೆ ಕೊಟ್ಟಿದೆ. ಕರ್ನಾಟಕವಂತೂ 2016ರಲ್ಲೇ ಇದಕ್ಕೆಂದು ಪ್ರತ್ಯೇಕ ಕಾಯ್ದೆಯ ಮಸೂದೆ ತಂದಿತ್ತು. ಅದೇ ವರ್ಷ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ, ಸಾಯುವ ಮುನ್ನ ತನ್ನ ಕಣ್ಣು ದಾನ ಮಾಡಿ ಎಂದು ಕೇಳಿಕೊಂಡ ಯುವಕನ ನೆನಪಿಗೆ, ಗಾಯಾಳುಗಳಿಗೆ ಉಚಿತ ತುರ್ತು ಚಿಕಿತ್ಸೆ ಕೊಡಿಸುವ ಸಾಂತ್ವನ ಹರೀಶ್ ಯೋಜನೆಯೂ ಬಂತು. ಈಗ ಕೇಂದ್ರದ ಯೋಜನೆ ಅದಕ್ಕಿಂತ ದೊಡ್ಡದು. 2025ರ ಮೇ ತಿಂಗಳಿನಿಂದ ಜಾರಿಗೆ ಬಂದ ನಗದುರಹಿತ ಚಿಕಿತ್ಸಾ ಯೋಜನೆಯಡಿ, ರಸ್ತೆಯಲ್ಲಿ ಮೋಟಾರು ವಾಹನದಿಂದ ಗಾಯಗೊಂಡವರಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ, 1.5 ಲಕ್ಷ ರೂಪಾಯಿ ಮಿತಿಯಲ್ಲಿ ಚಿಕಿತ್ಸೆ ಸಿಗಬೇಕು. ಬಿಲ್ಲಿಂಗ್ ಕೌಂಟರಿನಲ್ಲಿ ಅಡ್ವಾನ್ಸ್ ಕಟ್ಟಿ ಎಂದಾಗ ಈ ಯೋಜನೆಯ ಹೆಸರೆತ್ತಿ ಕೇಳಿ. ಕೇಳದವರಿಗೆ ತಾವಾಗಿ ಹೇಳುವ ಆಸ್ಪತ್ರೆಗಳು ಕಡಿಮೆ.

ಸ್ಟೇಷನ್ನಿನಲ್ಲಿ

ಅಪಘಾತದ ಜಾಗದಲ್ಲೇ ಒಂದು ರಾಜಿ ಪಂಚಾಯ್ತಿ ಕೂಡುವುದು ನಮ್ಮಲ್ಲಿ ಮಾಮೂಲು. ಗುದ್ದಿದವನು ಕೈಮುಗಿಯುತ್ತಾನೆ, ಹಿರಿಯರೊಬ್ಬರು ಮಧ್ಯೆ ಬರುತ್ತಾರೆ, ಹತ್ತು ಸಾವಿರಕ್ಕೆ ‘ಕಾಂಪ್ರಮೈಸ್’ ಆಗುತ್ತದೆ. ಮೈ ತರಚಿದ್ದಕ್ಕೆ ಅಷ್ಟು ಸಾಕು. ಆದರೆ ಮೊಣಕಾಲಿನ ಲಿಗಮೆಂಟು ಹರಿದದ್ದು, ತಲೆಯೊಳಗೆ ರಕ್ತ ಕಟ್ಟಿದ್ದು ಅದೇ ದಿನ ಗೊತ್ತಾಗುವುದಿಲ್ಲ. ‘ಇನ್ನು ಯಾವ ತಕರಾರೂ ಇಲ್ಲ’ ಎಂದು ಬರೆದ ಚೀಟಿಗೆ ಸಹಿ ಹಾಕುವ ಮೊದಲು ಎಕ್ಸ್‌ರೇ ಆದರೂ ನೋಡಿಕೊಳ್ಳಿ.

ದೂರು ಕೊಟ್ಟರೆ ಎಫ್‌ಐಆರ್ ಪ್ರತಿ ಉಚಿತವಾಗಿ ಸಿಗಬೇಕು. ಬೇರೆ ಊರಿನ ವ್ಯಾಪ್ತಿಯಲ್ಲಿ ನಡೆದ ಅಪಘಾತ ಎಂದು ವಾಪಸು ಕಳಿಸುವಂತಿಲ್ಲ. ಝೀರೋ ಎಫ್‌ಐಆರ್ ಮಾಡಿ ಸಂಬಂಧಪಟ್ಟ ಠಾಣೆಗೆ ಅವರೇ ಕಳಿಸಬೇಕು. ಆಪರೇಷನ್, ಐಸಿಯು ಎಂದು ಓಡಾಡುವಾಗ ದೂರು ನಾಲ್ಕಾರು ದಿನ ತಡವಾದರೆ ಎಲ್ಲವೂ ಮುಗಿಯಿತು ಎಂದೇನೂ ಅಲ್ಲ. ಬದುಕಿಸಿಕೊಳ್ಳುವ ಧಾವಂತದಲ್ಲಿರುವ ಮನೆಯವರು ಮೊದಲು ಠಾಣೆಗೆ ಓಡಬೇಕೆಂದು ನಿರೀಕ್ಷಿಸಲಾಗದು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ತಡ ಯಾಕಾಯಿತು ಎಂಬುದನ್ನು ದೂರಿನಲ್ಲೇ ಬರೆಯಿರಿ, ಸಾಕು.

ಪೊಲೀಸರು ಮುಂದೆ ಸ್ಪಾಟ್ ಮಹಜರು, ಸ್ಥಳದ ನಕ್ಷೆ, ವಾಹನ ತಪಾಸಣೆಯ ಐಎಂವಿ ವರದಿ, ಆಸ್ಪತ್ರೆಯ ವೂಂಡ್ ಸರ್ಟಿಫಿಕೇಟು, ಕೊನೆಗೆ ಚಾರ್ಜ್‌ಶೀಟು ತಯಾರಿಸುತ್ತಾರೆ. ಇವಿಷ್ಟೂ ನಿಮ್ಮ ಕೇಸಿನ ಬುನಾದಿ. 2022ರ ನಿಯಮಗಳ ಪ್ರಕಾರ ಠಾಣೆಯವರು 48 ಗಂಟೆಯೊಳಗೆ ಮೊದಲ ವರದಿಯನ್ನೂ, 90 ದಿನದೊಳಗೆ ವಿವರವಾದ ಅಪಘಾತ ವರದಿಯನ್ನೂ ನ್ಯಾಯಮಂಡಳಿಗೆ ಕಳಿಸಬೇಕು. ಕಾಗದದ ಮೇಲೆ ಇದು ಸೊಗಸಾದ ವ್ಯವಸ್ಥೆ. ಅದನ್ನೇ ನೆಚ್ಚಿ ಮನೆಯಲ್ಲಿ ಕೂರಬೇಡಿ. ತನಿಖಾಧಿಕಾರಿಯ ಹೆಸರು, ಕ್ರೈಂ ನಂಬರು ಬರೆದಿಟ್ಟುಕೊಂಡು ಆಗಾಗ ವಿಚಾರಿಸಿ. ವೂಂಡ್ ಸರ್ಟಿಫಿಕೇಟಿನಲ್ಲಿ ಗಾಯ ‘ಸಾದಾ’ ಎಂದಿದೆಯೋ ‘ತೀವ್ರ’ ಎಂದಿದೆಯೋ ನೋಡಿ. ಮೂಳೆ ಮುರಿದಿದ್ದರೆ, ಹಲ್ಲು ಬಿದ್ದಿದ್ದರೆ ಅದು ತೀವ್ರ ಗಾಯವೇ. ಗುದ್ದಿದ ಗಾಡಿಯ ನಂಬರು ಸಿಕ್ಕಿದ್ದರೆ ಎಂಪರಿವಾಹನ್ ಆ್ಯಪಿನಲ್ಲಿ ಅದರ ಇನ್ಶೂರೆನ್ಸ್ ಯಾವ ಕಂಪನಿಯದು, ಎಲ್ಲಿಯವರೆಗೆ ಚಾಲ್ತಿಯಲ್ಲಿದೆ ಎಂಬುದು ಮೊಬೈಲಿನಲ್ಲೇ ಸಿಗುತ್ತದೆ.

ಚಾಲಕನ ಮೇಲಿನ ಕ್ರಿಮಿನಲ್ ಕೇಸು ಬೇರೆ, ಪರಿಹಾರದ ಕೇಸು ಬೇರೆ. ಕ್ರಿಮಿನಲ್ ಕೋರ್ಟಿನಲ್ಲಿ ಅವನು ಖುಲಾಸೆಯಾದರೂ ನಿಮ್ಮ ಪರಿಹಾರ ತಪ್ಪಿಹೋಗುವುದಿಲ್ಲ. ಅಲ್ಲಿ ಸಂಶಯಕ್ಕೆ ಎಡೆಯಿಲ್ಲದ ಪುರಾವೆ ಬೇಕು. ಇಲ್ಲಿ ಹೀಗೆ ನಡೆದಿರುವ ಸಂಭವವೇ ಹೆಚ್ಚು ಎಂದು ತೋರಿಸಿದರೆ ಆಯಿತು.

ಯಾರ ಪಾಲಿಸಿ ಯಾರಿಗೆ

‘ಗಾಡಿಗೆ ಇನ್ಶೂರೆನ್ಸ್ ಇದೆಯಲ್ಲ, ಕೊಡ್ತಾರೆ ಬಿಡಿ’ ಎಂಬ ಮಾತನ್ನು ನಂಬಿ ಮೋಸ ಹೋದ ಮನೆಗಳು ಎಷ್ಟೋ. ಕಡ್ಡಾಯವಾಗಿರುವುದು ಥರ್ಡ್ ಪಾರ್ಟಿ ಇನ್ಶೂರೆನ್ಸ್. ಆ ವಾಹನದಿಂದ ತೊಂದರೆಗೆ ಒಳಗಾದ ಹೊರಗಿನವರಿಗೆ ಅದು ಇರುವುದು. ಜೀವಹಾನಿ, ಗಾಯದ ವಿಷಯದಲ್ಲಿ ಅದಕ್ಕೆ ಇಷ್ಟೇ ಎಂಬ ಮೇಲ್ಮಿತಿ ಇಲ್ಲ. ಆದರೆ ಹೊರಗಿನವರು ಯಾರು ಎಂಬಲ್ಲಿಯೇ ತೊಡಕು.

ಬೈಕಿನ ಹಿಂದೆ ಕೂತಿದ್ದೀರಿ, ಓಡಿಸುತ್ತಿದ್ದ ಸ್ನೇಹಿತನದೇ ತಪ್ಪು, ಅವನ ಬೈಕಿಗೆ ಇರುವುದು ಬರೀ ಥರ್ಡ್ ಪಾರ್ಟಿ ಪಾಲಿಸಿ ಎಂದುಕೊಳ್ಳಿ. ಆ ಪಾಲಿಸಿ ಹಿಂಬದಿ ಸವಾರರನ್ನು ಒಳಗೊಳ್ಳುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ತೀರ್ಪು ಕೊಟ್ಟಿದೆ. ಹಣ ಕೇಳುವುದಾದರೆ ಸ್ನೇಹಿತನ ಕೈಯಿಂದಲೇ ಕೇಳಬೇಕು. ಪ್ಯಾಕೇಜ್ ಪಾಲಿಸಿ, ಜನ ‘ಫುಲ್ ಇನ್ಶೂರೆನ್ಸ್’ ಅನ್ನುತ್ತಾರಲ್ಲ, ಅದಿದ್ದರೆ ಹಿಂದೆ ಕೂತವರಿಗೂ ರಕ್ಷಣೆ ಇದೆ. ಗೂಡ್ಸ್ ಗಾಡಿಯದು ಇನ್ನೂ ಕಷ್ಟ. ಮದುವೆ ದಿಬ್ಬಣಕ್ಕೆ ಟೆಂಪೊ ಹತ್ತಿದವರು, ಜಾತ್ರೆಗೆ ಟ್ರಾಕ್ಟರ್ ಟ್ರೈಲರಿನಲ್ಲಿ ಕೂತವರು ಆ ಗಾಡಿಯ ಪಾಲಿಸಿಯ ಲೆಕ್ಕದಲ್ಲಿ ಪ್ರಯಾಣಿಕರೇ ಅಲ್ಲ. ತನ್ನ ಸರಕಿನ ಜೊತೆ ಹೊರಟ ಸರಕಿನ ಮಾಲೀಕನಿಗೆ, ಅವನ ಪ್ರತಿನಿಧಿಗೆ ಮಾತ್ರ ಅಲ್ಲಿ ಜಾಗ. ಗಾಡಿ ಮಗುಚಿದಾಗ ಪತ್ರಿಕೆಯಲ್ಲಿ ಬರುವ ಸಾವಿನ ಸುದ್ದಿಯ ಹಿಂದೆ ಈ ಎರಡನೇ ಪೆಟ್ಟು ಇರುವುದು ಓದುಗರಿಗೆ ಕಾಣುವುದಿಲ್ಲ.

ಎರವಲು ಗಾಡಿಯ ಕತೆಯನ್ನೂ ತಿಳಿದಿರಬೇಕು. ಇಳಕಲ್–ಕುಷ್ಟಗಿ ಹೆದ್ದಾರಿಯಲ್ಲಿ ಬೇರೆಯವರ ಬೈಕು ಓಡಿಸುತ್ತಿದ್ದವರೊಬ್ಬರು ಕಬ್ಬಿಣದ ಶೀಟು ಹೇರಿದ್ದ ಎತ್ತಿನ ಗಾಡಿಗೆ ಗುದ್ದಿ ತೀರಿಕೊಂಡರು. ಹೆಂಡತಿ ಬೈಕಿನ ಇನ್ಶೂರೆನ್ಸ್ ಕಂಪನಿಯಿಂದ ಪರಿಹಾರ ಕೇಳಿದರು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಬೈಕು ಎರವಲು ಪಡೆದವನು ಮಾಲೀಕನ ಜಾಗದಲ್ಲೇ ನಿಂತಂತೆ, ತಪ್ಪು ಯಾರದೆಂದು ನೋಡದೆ ಕೊಡುವ ಪರಿಹಾರವನ್ನು ಅವನ ಪರವಾಗಿ ಅದೇ ಪಾಲಿಸಿಯಿಂದ ಕೇಳುವಂತಿಲ್ಲ ಎಂದು 2009ರಲ್ಲಿ ಕೋರ್ಟ್ ಹೇಳಿತು. ಮಾಲೀಕ ತಾನೇ ಓಡಿಸುವಾಗ ಅವನಿಗಿರುವುದು 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ. ವರ್ಷಕ್ಕೆ ಕೆಲವೇ ನೂರು ರೂಪಾಯಿಯ ಆ ಕಂತನ್ನು ಉಳಿಸಲು ಹೋಗುವವರನ್ನು ನೋಡಿದರೆ ನನಗೆ ಸಿಟ್ಟೇ ಬರುತ್ತದೆ.

ಗುದ್ದಿದವನಿಗೆ ಲೈಸೆನ್ಸ್ ಇಲ್ಲದಿದ್ದರೆ? ಅನೇಕ ಪ್ರಕರಣಗಳಲ್ಲಿ ಕೋರ್ಟು ‘ಮೊದಲು ಕಂಪನಿ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ’ ಎಂದು ಆದೇಶಿಸುತ್ತದೆ. ಗಾಯಾಳುವಿಗೇ ಲೈಸೆನ್ಸ್ ಇರಲಿಲ್ಲ, ಮೂವರು ಕೂತಿದ್ದರು ಎಂಬ ಮಾತ್ರಕ್ಕೆ ತಪ್ಪಿನಲ್ಲಿ ಅವನಿಗೂ ಪಾಲು ಹೊರಿಸುವಂತಿಲ್ಲ. ಅದರಿಂದಲೇ ಅಪಘಾತವಾಯಿತು ಎಂದು ತೋರಿಸಬೇಕು. ದಂಡ ಕಟ್ಟುವ ತಪ್ಪು ಬೇರೆ, ಪರಿಹಾರ ಕಡಿತವಾಗುವ ತಪ್ಪು ಬೇರೆ.

ಲೆಕ್ಕ ಬೀಳುವುದು ಹೀಗೆ

ಗಾಯಾಳುವಿಗೆ ಸಿಗುವ ಹಣ ಹಲವು ಬಾಬ್ತುಗಳ ಮೊತ್ತ. ಆಸ್ಪತ್ರೆ, ಔಷಧಿಯ ಬಿಲ್ಲು, ನೋವು ಮತ್ತು ಸಂಕಟ, ಕೆಲಸಕ್ಕೆ ಹೋಗಲಾಗದ ತಿಂಗಳುಗಳ ಸಂಬಳ, ಜೊತೆಗಿದ್ದವರ ಖರ್ಚು, ಓಡಾಟ, ಪೌಷ್ಟಿಕ ಆಹಾರ, ಮುಂದೆ ಬೇಕಾಗುವ ಆಪರೇಷನ್, ಬದುಕಿನ ಸುಖಸಂತೋಷ ಕಳೆದುಕೊಂಡದ್ದಕ್ಕೆ ಒಂದಿಷ್ಟು. ಇವುಗಳಲ್ಲಿ ಬಿಲ್ಲಿಗೆ ಮಾತ್ರ ಬಿಲ್ಲು ಬೇಕು. ಮೆಡಿಕಲ್ ಶಾಪಿನ ಚೀಟಿಯನ್ನೂ ಬಿಸಾಡಬೇಡಿ. ಹೆಚ್ಚು ತೂಕದ್ದು ಬೇರೆಯೇ ಇದೆ: ಮುಂದಿನ ಗಳಿಕೆಯ ನಷ್ಟ.

ಅದರ ಸೂತ್ರ ಸರಳ. ತಿಂಗಳ ಆದಾಯವನ್ನು 12ರಿಂದ ಗುಣಿಸಿ, ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಿ, ಅಂಗವೈಕಲ್ಯದ ಶೇಕಡಾವಾರು ತೆಗೆಯಬೇಕು. ಗುಣಕವನ್ನು ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ ತೀರ್ಪು ನಿಗದಿ ಮಾಡಿದೆ: 15ರಿಂದ 25 ವರ್ಷದವರಿಗೆ 18, 31ರಿಂದ 35ಕ್ಕೆ 16, 41ರಿಂದ 45ಕ್ಕೆ 14, 51ರಿಂದ 55ಕ್ಕೆ 11, 65 ದಾಟಿದವರಿಗೆ 5. ತಿಂಗಳಿಗೆ 18,000 ರೂಪಾಯಿ ದುಡಿಯುವ 34 ವರ್ಷದ ಗಾರೆ ಕೆಲಸದವರೊಬ್ಬರಿಗೆ ಶೇ 20ರಷ್ಟು ವೈಕಲ್ಯ ಎಂದಾದರೆ 6,91,200 ರೂಪಾಯಿ. ಮುಂದೆ ಕೂಲಿ ಏರುತ್ತದೆಂದು ಆದಾಯಕ್ಕೆ ಶೇ 40 ಸೇರಿಸಿದರೆ 9,67,680. ಸ್ವಂತ ದುಡಿಮೆಯ, 40 ವರ್ಷದೊಳಗಿನವರಿಗೆ ಹೀಗೆ ಸೇರಿಸಬೇಕೆಂದು 2017ರ ಪ್ರಣಯ್ ಸೇಠಿ ತೀರ್ಪು ಸಾವಿನ ಪ್ರಕರಣದಲ್ಲಿ ಹೇಳಿತು. ಶಾಶ್ವತ ವೈಕಲ್ಯಕ್ಕೂ ಅದು ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ನಿಮ್ಮ ವಕೀಲರು ಇದನ್ನು ಕೇಳಿದ್ದಾರೋ ಇಲ್ಲವೋ ಎಂದು ಅರ್ಜಿ ನೋಡಿ ಖಾತ್ರಿ ಮಾಡಿಕೊಳ್ಳಿ.

ವಯಸ್ಸಿನ ಬಗ್ಗೆ ಜಗಳ ಕಡಿಮೆ, ಆಧಾರ್ ಅಥವಾ ಶಾಲೆಯ ದಾಖಲೆ ಸಾಕು. ಜಗಳ ಇರುವುದು ಆದಾಯ ಮತ್ತು ವೈಕಲ್ಯದ ಮೇಲೆ.

ಸಂಬಳದ ಚೀಟಿ ಇರುವವರದು ಸುಲಭ. ಇಲ್ಲದವರಿಗೆ ಕರ್ನಾಟಕದಲ್ಲಿ ನ್ಯಾಯಮಂಡಳಿಗಳು ಸಾಮಾನ್ಯವಾಗಿ ರಾಜ್ಯ ಕಾನೂನು ಸೇವಾ ಪ್ರಾಧಿಕಾರ ಲೋಕ ಅದಾಲತ್‌ಗೆಂದು ಮಾಡಿದ ಪಟ್ಟಿ ನೋಡಿ, ಅಪಘಾತದ ವರ್ಷಕ್ಕೆ ತಕ್ಕ ಅಂದಾಜು ಆದಾಯ ಹಿಡಿಯುತ್ತವೆ. ಅದು ಕೆಳಗಿನ ಆಸರೆ ಅಷ್ಟೆ. ನಿಮ್ಮ ನಿಜವಾದ ಗಳಿಕೆ ಹೆಚ್ಚಿದ್ದರೆ ಅದಕ್ಕೆ ದಾಖಲೆ ತೋರಿಸಿ: ಬ್ಯಾಂಕ್ ಪಾಸ್‌ಬುಕ್, ಫೋನ್‌ಪೇಗೆ ಬಂದ ಹಣದ ಪಟ್ಟಿ, ಆಟೋ ಬ್ಯಾಡ್ಜು, ಕಟ್ಟಡ ಕಾರ್ಮಿಕರ ಕಾರ್ಡು, ಪಹಣಿ, ಹಾಲಿನ ಡೇರಿಯ ಪಾಸ್‌ಬುಕ್. ತಳ್ಳುಗಾಡಿಯವರ ಬಳಿ ಇದ್ಯಾವುದೂ ಇಲ್ಲದಿದ್ದರೂ ಕೋರ್ಟು ಕಣ್ಣು ಮುಚ್ಚಿಕೊಳ್ಳುವಂತಿಲ್ಲ. ಕರ್ನಾಟಕದ ತರಕಾರಿ ವ್ಯಾಪಾರಿಯೊಬ್ಬರು ಕಾಲು ಕಳೆದುಕೊಂಡ ಪ್ರಕರಣದಲ್ಲಿ, ಅಂಥವರಿಂದ ಆದಾಯದ ದಾಖಲೆ ನಿರೀಕ್ಷಿಸುವುದು ಸರಿಯಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿ, ತಿಂಗಳ ಗಳಿಕೆಯನ್ನು 6,500 ರೂಪಾಯಿಗೂ, ವೈಕಲ್ಯವನ್ನು ಶೇ 85ಕ್ಕೂ ಏರಿಸಿತು. ಮನೆವಾರ್ತೆ ನೋಡಿಕೊಳ್ಳುವ ಹೆಂಗಸರ ದುಡಿಮೆಗೂ ಬೆಲೆ ಕಟ್ಟಲೇಬೇಕು. ಅರ್ಜಿಯ ಉದ್ಯೋಗದ ಜಾಗದಲ್ಲಿ ‘ಏನೂ ಇಲ್ಲ’ ಎಂದು ಬರೆಸಬೇಡಿ.

ವೈಕಲ್ಯದ ಶೇಕಡಾವಾರಿನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಡಾಕ್ಟರು ‘ಬಲಗಾಲಿಗೆ ಶೇ 45’ ಎಂದು ಬರೆದರೆ ಅದು ಆ ಕಾಲಿನ ಲೆಕ್ಕ, ಇಡೀ ದೇಹದ್ದಲ್ಲ. ನಮ್ಮ ರಾಜ್ಯದ ತೀರ್ಪುಗಳಲ್ಲಿ ಅದರ ಮೂರನೇ ಒಂದು ಭಾಗವನ್ನು ಇಡೀ ದೇಹದ ವೈಕಲ್ಯವೆಂದು ಹಿಡಿಯುವುದು ರೂಢಿಯಾಗಿದೆ. ಆದರೆ ಸುಪ್ರೀಂ ಕೋರ್ಟಿನ 2010ರ ರಾಜ್‌ಕುಮಾರ್ ತೀರ್ಪಿನ ಪ್ರಕಾರ ಕೊನೆಗೆ ನೋಡಬೇಕಾದ್ದು ದೇಹವನ್ನಲ್ಲ, ದುಡಿಮೆಯನ್ನು. ಎಡಗೈ ಹೋದ ಡ್ರೈವರನಿಗೆ, ಬಡಗಿಗೆ ಗಳಿಕೆಯ ನಷ್ಟ ಹೆಚ್ಚುಕಡಿಮೆ ನೂರಕ್ಕೆ ನೂರು. ಅದೇ ಕೈ ಕಳೆದುಕೊಂಡ ಸರ್ಕಾರಿ ಗುಮಾಸ್ತನ ಕೆಲಸ ಉಳಿಯಬಹುದು. ಆದ್ದರಿಂದ ಸಾಕ್ಷಿ ಹೇಳುವಾಗ ‘ನೋವಿದೆ’ ಎಂದಷ್ಟೇ ಹೇಳಿ ಇಳಿದುಬಿಡಬೇಡಿ. ಸಾರವೆ ಹತ್ತಲು ಆಗುವುದಿಲ್ಲ, ಸಿಮೆಂಟ್ ಚೀಲ ಎತ್ತಲು ಆಗುವುದಿಲ್ಲ, ಕುಕ್ಕರುಗಾಲಲ್ಲಿ ಕೂತು ಟೈಲ್ಸ್ ಹಾಕಲು ಆಗುವುದಿಲ್ಲ ಎಂದು ಕೆಲಸದ ಹೆಸರು ಹಿಡಿದು ಹೇಳಿ. ಸರ್ಟಿಫಿಕೇಟನ್ನು ಚಿಕಿತ್ಸೆ ಮುಗಿದ ಮೇಲೆ, ಚಿಕಿತ್ಸೆ ಕೊಟ್ಟ ಡಾಕ್ಟರಿಂದಲೇ ಪಡೆಯಿರಿ. ಕೇಸಿಗೆಂದೇ ಒಮ್ಮೆ ನೋಡಿ ದೊಡ್ಡ ಅಂಕಿ ಬರೆದುಕೊಡುವವರ ಮಾತಿಗೆ ಕೋರ್ಟಿನಲ್ಲಿ ಬೆಲೆ ಕಡಿಮೆ.

ಪ್ರಾಣವೇ ಹೋದಾಗ ಲೆಕ್ಕ ಇದೇ ದಾರಿಯದು. ತೀರಿಕೊಂಡವರ ಸ್ವಂತ ಖರ್ಚೆಂದು ಅವಿವಾಹಿತರಾದರೆ ಅರ್ಧ, ಅವಲಂಬಿತರು ಇಬ್ಬರು ಮೂವರಿದ್ದರೆ ಮೂರನೇ ಒಂದು, ನಾಲ್ಕರಿಂದ ಆರು ಮಂದಿಯಿದ್ದರೆ ನಾಲ್ಕನೇ ಒಂದು ಭಾಗ ಕಳೆಯುತ್ತಾರೆ. ಎಲ್‌ಐಸಿಯಿಂದ ಬಂದ ಹಣವನ್ನು ಇದರಲ್ಲಿ ಮುರಿದುಕೊಳ್ಳುವಂತಿಲ್ಲ.

ಎಲ್ಲಿ, ಎಷ್ಟು ದಿನದೊಳಗೆ

ಅರ್ಜಿ ಹಾಕಬೇಕಾದ್ದು ಮೋಟಾರು ಅಪಘಾತ ಕ್ಲೇಮುಗಳ ನ್ಯಾಯಮಂಡಳಿಯಲ್ಲಿ. ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯವೇ ಆ ಕೆಲಸ ಮಾಡುತ್ತದೆ. ಅಪಘಾತ ಹಾಸನದಲ್ಲಿ ಆದರೂ ನೀವು ಇರುವುದು ಬೀದರಿನಲ್ಲಾದರೆ ಅಲ್ಲಿಯೇ ಹಾಕಬಹುದು. 2022ರ ಏಪ್ರಿಲ್ 1ರಿಂದ ಕಾಯ್ದೆ ಆರು ತಿಂಗಳ ಗಡುವು ಹಾಕಿದೆ. ಈ ಗಡುವನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನ ಮುಂದಿವೆ. ತಡವಾಯಿತೆಂದು ಅರ್ಜಿಗಳನ್ನು ವಜಾ ಮಾಡಬೇಡಿ ಎಂಬ ಮಧ್ಯಂತರ ಆದೇಶ 2025ರ ನವೆಂಬರಿನಲ್ಲಿ ಬಂದಿದೆ. ಅಂತಿಮ ತೀರ್ಪು ಯಾವ ಕಡೆ ಬೀಳುತ್ತದೋ, ಆರು ತಿಂಗಳೊಳಗೆ ಹಾಕಿಬಿಡುವುದೇ ಜಾಣತನ. ಗಡುವು ಮೀರಿದವರೂ ಕೈಚೆಲ್ಲದೆ ವಿಚಾರಿಸಿ.

ಚಾಲಕನ ತಪ್ಪು ಸಾಬೀತು ಮಾಡುವ ಗೋಜಿಲ್ಲದೆ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ಪಡೆಯುವ ದಾರಿಯೂ 164ನೇ ಕಲಂನಲ್ಲಿದೆ. ಪುರಾವೆ ತೀರಾ ದುರ್ಬಲವಾಗಿದ್ದರೆ ಅದು ಒಳ್ಳೆಯದೇ. ಆದರೆ ಅದನ್ನು ಒಪ್ಪಿ ಪಡೆದರೆ ದೊಡ್ಡ ಮೊತ್ತದ ಅರ್ಜಿ ಬಿದ್ದುಹೋಗುತ್ತದೆ. ಗುದ್ದಿ ಓಡಿಹೋದ ಗಾಡಿ ಪತ್ತೆಯೇ ಆಗದಿದ್ದರೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ. ಅದಕ್ಕೆ ಕೋರ್ಟು ಬೇಡ, ಉಪವಿಭಾಗದ ಕಂದಾಯ ಅಧಿಕಾರಿಗೆ ಅರ್ಜಿ ಕೊಡಬೇಕು. ‘ಇಷ್ಟೇನಾ, ಬೇರೆ ಗಾಡಿ ಒಂದನ್ನು ತೋರಿಸಿಬಿಡೋಣ’ ಎಂದು ಪುಸಲಾಯಿಸುವ ದಲ್ಲಾಳಿಗಳು ಇದ್ದಾರೆ. ಸುಳ್ಳು ಗಾಡಿ ಸಿಕ್ಕಿಬಿದ್ದರೆ ಆರೋಪಿಗಳ ಪಟ್ಟಿಯಲ್ಲಿ ಗಾಯಾಳುವಿನ ಹೆಸರೂ ಇರುತ್ತದೆ.

ಆಸ್ಪತ್ರೆಯ ವಾರ್ಡಿಗೇ ಬಂದು ಖಾಲಿ ವಕಾಲತ್ತಿಗೆ ಸಹಿ ಕೇಳುವವರೂ ಇದೇ ಜಾತಿ. ‘ಈಗ ಏನೂ ಕೊಡಬೇಡಿ, ಬಂದದ್ದರಲ್ಲಿ ಪರ್ಸೆಂಟೇಜ್’ ಎಂಬುದು ಕಿವಿಗೆ ಹಿತ. ಆದರೆ ಗೆದ್ದ ಹಣದಲ್ಲಿ ಪಾಲು ಕೇಳುವುದನ್ನು ಬಾರ್ ಕೌನ್ಸಿಲ್ ನಿಯಮ ನಿಷೇಧಿಸಿದೆ. ಅಪಘಾತ ಪರಿಹಾರದಲ್ಲಿ ಶೇಕಡಾವಾರು ಫೀಜು ಕೇಳಿದ್ದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2017ರಲ್ಲಿ ಅದನ್ನು ಕಟುವಾಗಿ ಖಂಡಿಸಿತು. ಫೀಜು ಎಷ್ಟೆಂದು ಮೊದಲೇ ಮಾತಾಡಿ, ರಸೀದಿ ಪಡೆಯಿರಿ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಡಿಮೆ ವರಮಾನದವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿ ವಕೀಲರನ್ನು ಉಚಿತವಾಗಿ ಕೊಡುತ್ತದೆ. 15100ಕ್ಕೆ ಫೋನ್ ಮಾಡಿ ಕೇಳಬಹುದು.

ನಡುವೆ ಲೋಕ ಅದಾಲತ್ ಬರುತ್ತದೆ, ಕಂಪನಿ ಒಂದು ಮೊತ್ತ ಹೇಳುತ್ತದೆ. ಮೇಲಿನ ಗುಣಾಕಾರವನ್ನು ಒಮ್ಮೆ ನೀವೇ ಮಾಡಿಕೊಂಡು ಹೋಗಿ, ಆಗ ಆ ಮೊತ್ತ ಕಡಿಮೆಯೋ ಸರಿಯೋ ತಿಳಿಯುತ್ತದೆ. ಅಲ್ಲಿ ಒಪ್ಪಿದರೆ ಮೇಲ್ಮನವಿ ಇಲ್ಲ. ನ್ಯಾಯಮಂಡಳಿಯ ತೀರ್ಪು ಒಪ್ಪಿಗೆಯಾಗದಿದ್ದರೆ 90 ದಿನದೊಳಗೆ ಹೈಕೋರ್ಟಿಗೆ ಹೋಗಬಹುದು. ಉತ್ತರ ಕರ್ನಾಟಕದವರು ಬೆಂಗಳೂರಿಗೆ ಬರಬೇಕಿಲ್ಲ, ಧಾರವಾಡ ಮತ್ತು ಕಲಬುರಗಿ ಪೀಠಗಳಿವೆ. ಹಣ ಬಂದಾಗಲೂ ಪೂರ್ತಿ ಕೈಗೆ ಸಿಗುವುದಿಲ್ಲ. ಒಂದು ಪಾಲನ್ನು ಬ್ಯಾಂಕಿನಲ್ಲಿ ಠೇವಣಿ ಇಡಲು ನ್ಯಾಯಮಂಡಳಿ ಆದೇಶಿಸುವುದು ಪದ್ಧತಿ, ಮಕ್ಕಳ ಪಾಲನ್ನು ಅವರು ದೊಡ್ಡವರಾಗುವವರೆಗೆ. ಕಾಲಿನ ರಾಡು ತೆಗೆಸಬೇಕು, ಮಗಳ ಕಾಲೇಜು ಫೀಜು ಕಟ್ಟಬೇಕು ಎಂದಾದರೆ ಆಸ್ಪತ್ರೆಯ ಅಂದಾಜು ಪಟ್ಟಿಯನ್ನೋ ಕಾಲೇಜಿನ ಚಲನ್ನನ್ನೋ ಲಗತ್ತಿಸಿ ಅದೇ ನ್ಯಾಯಮಂಡಳಿಗೆ ಅರ್ಜಿ ಕೊಡಿ. ಅವಧಿಗೆ ಮೊದಲೇ ಠೇವಣಿ ಬಿಡಿಸಿಕೊಡುವ ಅಧಿಕಾರ ಅವರಿಗಿದೆ.